ಕೂದಲೆಳೆ ಚೀಟಿ

ಢಬ್!

ಬಾಗಿಲು ಮುಚ್ಚಿಕೊಂಡ ರಭಸಕ್ಕೆ ಕಪಾಟಿನ ಬಾಟಲಿಗಳೆಲ್ಲ ಕಿಣಿಕಿಣಿ ಎಂದವು.

"ಅಯ್ಯೋ... ಏನ್ ಮಾಡಿಬಿಟ್ರಿ ನೀವು!"

ಅವಳು ಏಣಿಯಿಂದ ಇಳಿದು ಓಡಿ ಬರುವಷ್ಟರಲ್ಲಿ ಕಾಲ ಮಿಂಚಿತ್ತು. ಹಳದಿ ಹೆಲ್ಮೆಟ್ ಹಾಕಿಕೊಂಡ ಅಪರಿಚಿತನೊಬ್ಬ ಒಂದು ಕೈಯಲ್ಲಿ ಮರದ ಬೆಣೆ, ಇನ್ನೊಂದು ಕೈಯಲ್ಲಿ ತಪಾಸಣೆಯ ಪಟ್ಟಿ ಹಿಡಿದು ನಿಂತಿದ್ದ. ಮುಖದಲ್ಲಿ ತರಗತಿಗೇ ಮೊದಲು ಬಂದ ಹುಡುಗನ ನಗು ಬೇರೆ!

"ಇದು ಬೆಂಕಿ ತಡೆಯೋ ಬಾಗಿಲು ಮೇಡಂ. ಇದಕ್ಕೆ ಬೆಣೆ ಇಟ್ಟು ತೆರೆದಿಡಬಾರದು. ಇವತ್ತಿನ ತರಬೇತೀಲಿ ಇದೇ ಮೊದಲನೇ ಪಾಠ."

"ಎರಡನೇ ಪಾಠ ನಾನು ಹೇಳ್ಲಾ? ಈಗ ತೆಗೀರಿ ನೋಡೋಣ."

ಅವನು ಹಿಡಿ ತಿರುಗಿಸಿದ. ಅದು ಸಲೀಸಾಗಿ ತಿರುಗಿತು. ಇನ್ನೊಮ್ಮೆ ತಿರುಗಿಸಿದ. ಆಗಲೂ ತಿರುಗಿತು. ಹಿಡಿ ತಿರುಗುತ್ತಲೇ ಇತ್ತು, ಚಿಲಕ ಮಾತ್ರ ಅಲ್ಲಾಡಲಿಲ್ಲ.

"ಒಳಗಿಂದ ತೆರೆಯಲ್ಲ ಅದು," ಅವಳು ಹಣೆ ಹಿಡಿದುಕೊಂಡಳು. "ಹೊರಗಿಂದ ಮಾತ್ರ. ಮೂರು ವರ್ಷದಿಂದ ಹಾಗೇ ಇದೆ. ಅದಕ್ಕೇ ಬೆಣೆ!"

ಹೆಲ್ಮೆಟ್ಟಿನ ಕೆಳಗಿದ್ದ ನಗು ಇಂಗು ತಿಂದ ಮಂಗನ ಮುಖವಾಗಿ ಬದಲಾಯಿತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿತ್ತಂತೆ. ಇಲ್ಲಿ ಬಿದ್ದದ್ದು ವಿಶ್ವವಿದ್ಯಾಲಯಕ್ಕೆಲ್ಲ ಸುರಕ್ಷತೆ ಮತ್ತು ಸುಸ್ಥಿರತೆಯ ಪಾಠ ಹೇಳಲು ಬಂದ ತರಬೇತುದಾರ, ಅದೂ ರಸಾಯನಶಾಸ್ತ್ರ ವಿಭಾಗದ ನೆಲಮಾಳಿಗೆಯ ಸ್ಟೋರಿನಲ್ಲಿ!

ಅಷ್ಟರಲ್ಲಿ ದೀಪ ಆರಿತು.

"ಕರೆಂಟ್ ಹೋಯ್ತಾ?" ಕತ್ತಲಲ್ಲಿ ಅವನ ಧ್ವನಿ ತುಸು ನಡುಗಿತು.

"ಕರೆಂಟ್ ಎಲ್ಲೂ ಹೋಗಿಲ್ಲ. ಎರಡು ನಿಮಿಷ ಯಾರೂ ಅಲ್ಲಾಡದೇ ಇದ್ರೆ ಈ ದೀಪ ತಾನೇ ಆರುತ್ತೆ. ಹೋದ ತಿಂಗಳು ಯಾರೋ ಮಹಾನುಭಾವರು ಹಾಕಿಸಿಹೋದ್ರು, ವಿದ್ಯುತ್ ಉಳಿಸೋಕೆ. ಕೈ ಬೀಸಿ."

ಅವನು ಕೈ ಬೀಸಿದ. ದೀಪ ಹತ್ತಿತು.

"ಆ ಮಹಾನುಭಾವ... ನಾನೇ ಮೇಡಂ," ಎಂದ ಮೆಲ್ಲಗೆ.

ಕೋಪದ ನಡುವೆಯೂ ಅವಳಿಗೆ ನಗು ಬಂತು. ಬಂದ ನಗುವನ್ನು ಕೂಡಲೇ ನುಂಗಿಕೊಂಡಳು. ನಗುವ ಹೊತ್ತೇ ಇದು? ನೆಲಮಾಳಿಗೆಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಫೋನ್ ಇರುವುದು ಬಾಗಿಲಿನ ಹೊರಗಿನ ಗೋಡೆಯ ಮೇಲೆ. ಸಿಬ್ಬಂದಿಯೆಲ್ಲ ತರಬೇತಿಗೆಂದು ದೊಡ್ಡ ಸಭಾಂಗಣಕ್ಕೆ ಹೋಗಿಯಾಗಿತ್ತು. ಇಬ್ಬರೂ ಸೇರಿ ಬಾಗಿಲು ಬಡಿದರು, ಕೂಗಿದರು, ಮತ್ತೆ ಬಡಿದರು. ಆ ದಪ್ಪ ಕಬ್ಬಿಣ ಅವರ ಕೂಗನ್ನೆಲ್ಲ ನುಂಗಿ ಸುಮ್ಮನಿತ್ತು.

ಹತ್ತು ಗಂಟೆಗೆ ಹೊರಗಿನ ಫೋನ್ ರಿಂಗಾಯಿತು.

"ನನಗೇ ಇರಬೇಕು," ಅವನೆಂದ. "ಸಭಾಂಗಣದಲ್ಲಿ ಇನ್ನೂರು ಜನ ಕಾಯ್ತಿದಾರೆ. ಎಲ್ಲ ವಿಭಾಗಕ್ಕೂ ಫೋನ್ ಮಾಡಿ ಹುಡುಕ್ತಿರಬೇಕು."

ಹನ್ನೆರಡು ಸಲ ರಿಂಗಾಗಿ ನಿಂತಿತು. ಒಂದು ಕೈ ಅಳತೆಯಲ್ಲಿ ಫೋನ್, ಮಧ್ಯೆ ಒಂದು ಬಾಗಿಲು... ಅವಳ ಬದುಕೂ ಎಷ್ಟೋ ವರ್ಷದಿಂದ ಹೀಗೇ ಇತ್ತು. ಕರೆ ಕೇಳುತ್ತದೆ, ಎತ್ತಿಕೊಳ್ಳಲು ಆಗುವುದಿಲ್ಲ.

ಆಗಲೇ ಗಾಳಿ ಹೊರಗೆಳೆಯುವ ಫ್ಯಾನಿನ ಸದ್ದು ನಿಂತಿತು. ಅವಳು ಮೂಗು ಎತ್ತಿದಳು.

"ಫ್ಯಾನಿಗೂ ಟೈಮರ್ ಹಾಕಿಸಿದ್ದು ನೀವೇನಾ?"

ಅವನು ತಲೆ ತಗ್ಗಿಸಿದ. "ಒಂದು ಗಂಟೆ ಓಡುತ್ತೆ, ಎರಡು ಗಂಟೆ ನಿಲ್ಲುತ್ತೆ."

"ಸಂತೋಷ. ಮೂರನೇ ಕಪಾಟಲ್ಲಿ ಅಸಿಟೋನ್ ಸೋರ್ತಿದೆ. ನೀವು ಬಾಗಿಲು ಹಾಕಿದ ಏಟಿಗೆ ಬಾಟಲಿ ಉರುಳಿರಬೇಕು."

ಅವಳು ಹೇಳಿದ್ದು ಸರಿಯಾಗಿತ್ತು. ಯಾವ ಬಾಟಲಿ, ಯಾವ ಮೂಲೆ ಎಂದು ಮೂಗಿನಿಂದಲೇ ಹೇಳುವ ವಿದ್ಯೆ ಅವಳಿಗೆ ಅಪ್ಪನಿಂದ ಬಂದದ್ದು. ಕೈಗವಸು ತೊಟ್ಟು ಬಾಟಲಿಯನ್ನು ಎತ್ತಿ ಮುಚ್ಚಳವಿರುವ ಬಕೆಟಿಗೆ ಇಟ್ಟಳು. ನೆಲದ ಮೇಲೆ ಮರಳು ಸುರಿದಳು. ಕೆಲಸ ಮುಗಿಸಿ ತಿರುಗಿ ನೋಡಿದರೆ ಅವನು ಬಾಗಿಲಿಗೆ ಒರಗಿ ನೆಲಕ್ಕೆ ಕುಸಿದಿದ್ದ. ಹೆಲ್ಮೆಟ್ಟಿನ ಕೆಳಗೆ ಬೆವರು ಇಳಿಯುತ್ತಿತ್ತು.

"ನೆಲದ ಮೇಲೆ ಕೂರಬೇಡಿ! ಈ ಹಬೆ ಗಾಳಿಗಿಂತ ಭಾರ, ಕೆಳಗೇ ಕೂರುತ್ತೆ. ಏಳಿ, ಏಣಿ ಹತ್ತಿ."

ಅದು ಎರಡೂ ಬದಿಗೆ ಮೆಟ್ಟಿಲಿದ್ದ ಮಡಚುವ ಏಣಿ. ಆ ಬದಿಯಿಂದ ಅವನು ಹತ್ತಿದ, ಈ ಬದಿಯಿಂದ ಅವಳು. ತುದಿಯಲ್ಲಿ ಇಬ್ಬರೂ ಎದುರುಬದುರು ಕೂತರು. ಮೊಣಕಾಲುಗಳ ನಡುವೆ ಒಂದು ಗೇಣೂ ಜಾಗವಿರಲಿಲ್ಲ.

*ಇದೇನು ಗ್ರಹಚಾರ... ಹೆಸರೂ ಗೊತ್ತಿಲ್ಲದ ಗಂಡಸಿನ ಜೊತೆ ಏಣಿಯ ಮೇಲೆ!*

"ನಿಮಗೆ ಹುಷಾರಿಲ್ವಾ?" ಕೇಳಿದಳು.

"ನಗಬಾರದು."

"ಹೇಳಿ."

"ನನಗೆ ಮುಚ್ಚಿದ ಕೋಣೆ ಅಂದ್ರೆ ಭಯ."

ಅವಳು ನಗಲಿಲ್ಲ.

"ಮೊದಲು ಒಂದು ಕಾರ್ಖಾನೇಲಿದ್ದೆ. ಟ್ಯಾಂಕ್ ಒಳಗಿಳಿದು ತೊಳೀತಾ ಇದ್ದೆ. ಪಾಳಿ ಮುಗೀತು, ಮೇಲಿಂದ ಯಾರೋ ಮುಚ್ಚಳ ಹಾಕಿ ಹೋದ್ರು. ನಲವತ್ತು ನಿಮಿಷ... ಎಷ್ಟು ಜನ ಇಳಿದ್ರು, ಎಷ್ಟು ಜನ ಹತ್ತಿದ್ರು ಅಂತ ಒಬ್ಬನೇ ಒಬ್ಬ ಎಣಿಸಿರಲಿಲ್ಲ. ಆವತ್ತಿಂದ ನಾನೇ ಎಣಿಸೋ ಕೆಲಸ ಹಿಡಿದೆ."

ದೀಪ ಆರಿತು. ಇಬ್ಬರೂ ಒಟ್ಟಿಗೇ ಕೈ ಎತ್ತಿದರು. ಕೈಗೆ ಕೈ ತಾಕಿತು. ಬೆಳಕು ಬಂದಾಗ ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಿದ್ದರು.

"ನಾನಿಲ್ಲದಿದ್ರೂ ಹನ್ನೊಂದಕ್ಕೆ ಸೈರನ್ ಆಗುತ್ತೆ," ಅವನು ಧೈರ್ಯ ತಂದುಕೊಂಡ. "ಅಣಕು ಕಾರ್ಯಾಚರಣೆ. ಎಲ್ಲರೂ ಮೈದಾನಕ್ಕೆ ಬರಬೇಕು, ಒಂದೊಂದು ವಿಭಾಗದವರೂ ಹೆಸರು ಕೂಗಿ ಎಣಿಸ್ತಾರೆ. ನೀವು ಬಂದಿಲ್ಲ ಅಂತ ಗೊತ್ತಾಗಿ ಹುಡುಕಿಕೊಂಡು ಬರ್ತಾರೆ."

"ನೀವು?"

"ಪಟ್ಟಿ ಮಾಡಿದ್ದು ನಾನು. ಅದರಲ್ಲಿ ನನ್ನ ಹೆಸರು ಹಾಕಿಲ್ಲ."

ಹನ್ನೊಂದಕ್ಕೆ ಸೈರನ್ ಆಯಿತು. ತಲೆಯ ಮೇಲೆ ವಿದ್ಯಾರ್ಥಿಗಳ ನೂರಾರು ಕಾಲುಗಳು ಓಡಿದ ಸದ್ದು, ಮೆಟ್ಟಿಲಿಳಿದ ಸದ್ದು... ಆಮೇಲೆ ನಿಶ್ಶಬ್ದ. ಐದು ನಿಮಿಷ ಆಯಿತು. ಹತ್ತಾಯಿತು. ಯಾರೂ ಬರಲಿಲ್ಲ!

ಮೈದಾನದಲ್ಲಿ ನಡೆದದ್ದು ಇಷ್ಟೇ. ಸ್ಟೋರಿನವಳ ಹೆಸರು ಕೂಗಿದಾಗ ವಿಭಾಗದ ಗುಮಾಸ್ತಕ್ಕ, ಅವಳ ಪ್ರಾಣಸ್ನೇಹಿತೆ, ಎಂದಿನ ಅಭ್ಯಾಸದಂತೆ "ಬಂದಿದ್ದಾಳೆ ಸಾರ್!" ಎಂದು ತಾನೇ ಗುರುತು ಹಾಕಿಬಿಟ್ಟಿದ್ದಳು. ಪಾಪ, ಪ್ರೀತಿಯಿಂದಲೇ! ಗೆಳತಿ ತಡವಾಗಿ ಬರುತ್ತಾಳೆ, ಬೈಸಿಕೊಳ್ಳುವುದು ಬೇಡ ಎಂದು. ಸಭೆಗಾದರೆ ಬದಲಿ ಹಾಜರಿ ನಡೆಯುತ್ತದೆ. ಬೆಂಕಿಗೆ?

ಏಣಿಯ ಮೇಲೆ ಅವಳ ತಲೆ ಭಾರವಾಗತೊಡಗಿತ್ತು.

"ಮಾತಾಡ್ತಾ ಇರಿ," ಅವನೆಂದ. "ಈ ಚಿಲಕ ಕೆಟ್ಟಿದೆ ಅಂತ ನೀವು ಯಾರಿಗೂ ಹೇಳಿಲ್ವಾ?"

"ಮೂರು ಅರ್ಜಿ ಕೊಟ್ಟಿದೀನಿ. ಮೂರಕ್ಕೂ ಸ್ವೀಕೃತಿ ಸಂಖ್ಯೆ ಇದೆ. ವಿಭಾಗದ ಮುಖ್ಯಸ್ಥರು ಕರೆದು, 'ಒಂದು ಬೆಣೆ ಇಟ್ಕೊಳಮ್ಮ, ಇದನ್ನೆಲ್ಲ ದೊಡ್ಡದು ಮಾಡಬೇಡ' ಅಂದ್ರು. ಇಟ್ಕೊಂಡೆ."

"ಮೇಲಿನವರಿಗೆ?"

ಬೆಳಕಿನಲ್ಲಿ ಹೇಳಲಾಗದ್ದು ದೀಪ ಆರಿದ ಮೇಲೆ ಬಾಯಿಗೆ ಬಂತು.

"ನಮ್ಮಪ್ಪ ಇದೇ ವಿಭಾಗದಲ್ಲಿ ಲ್ಯಾಬ್ ಸಹಾಯಕರಾಗಿದ್ರು. ಹನ್ನೆರಡು ವರ್ಷದ ಹಿಂದೆ ತ್ಯಾಜ್ಯದ ಬಾಟಲಿ ಸಿಡಿದು ಎರಡೂ ಕಣ್ಣು ಹೋಯ್ತು. ಆಗ ನನಗೆ ಈ ಕೆಲಸ ಕೊಟ್ರು, ಅಪ್ಪನಿಗಿದ್ದ ಕ್ವಾರ್ಟರ್ಸೂ ಉಳೀತು. ಆ ಮನೆ, ಆ ರಸ್ತೆ ಎಲ್ಲ ಅಪ್ಪನಿಗೆ ಹೆಜ್ಜೆ ಲೆಕ್ಕದಲ್ಲಿ ಗೊತ್ತು. ಬಾಗಿಲಿಂದ ನಲ್ಲಿಗೆ ಒಂಬತ್ತು. ಮನೆಯಿಂದ ಈ ಕಟ್ಟಡಕ್ಕೆ ಆರುನೂರ ಹನ್ನೆರಡು. ದಿನಾ ಮಧ್ಯಾಹ್ನ ಒಬ್ಬರೇ ಬಂದು ನನ್ನ ಜೊತೆ ಊಟ ಮಾಡ್ತಾರೆ. ಕೋಲಿಲ್ಲ, ಯಾರ ಕೈಯೂ ಬೇಡ. ನನ್ನ ಕೆಲಸ ಹೋದ್ರೆ ಮನೆ ಹೋಗುತ್ತೆ. ಮನೆ ಹೋದ್ರೆ ಅಪ್ಪ ನಿಜವಾಗಿ ಕುರುಡರಾಗ್ತಾರೆ."

ಕತ್ತಲಲ್ಲಿ ಅವನು ಉಸಿರೆಳೆದುಕೊಂಡದ್ದು ಕೇಳಿಸಿತು.

"ಮದುವೆ ಮಾಡ್ಕೊಂಡು ಹೋಗು ಅಂತ ಬಂಧುಗಳು ಹೇಳ್ತಾನೇ ಇರ್ತಾರೆ. ಎಲ್ಲಿಗೆ ಹೋಗಲಿ? ಅದಕ್ಕೇ ತುಟಿ ಬಿಚ್ಚಲ್ಲ. ಬೆಣೆ ಇಟ್ಕೊಂಡು ಬದುಕ್ತಿದೀನಿ. ನೀವು... ಇವತ್ತಿನದನ್ನ ಬರೀತೀರಾ?"

ಅವನು ಕೈ ಬೀಸಿ ದೀಪ ಹೊತ್ತಿಸಿದ. ಜೇಬಿನಿಂದ ಒಂದು ಹಳದಿ ಚೀಟಿ ತೆಗೆದು ತೋರಿಸಿದ. "ಇದಕ್ಕೆ ನಾವು ಕೂದಲೆಳೆ ಚೀಟಿ ಅಂತೀವಿ. ಏಟು ಬೀಳಲಿಲ್ಲ, ಆದ್ರೆ ಬೀಳಬಹುದಿತ್ತು, ಕೂದಲೆಳೆಯಲ್ಲಿ ತಪ್ಪಿತು. ಅಂಥದ್ದನ್ನ ಬರೆಯೋಕೆ. ನಾಲ್ಕೇ ಪ್ರಶ್ನೆ. ಏನಾಯಿತು, ಏನಾಗಬಹುದಿತ್ತು, ಯಾಕಾಯಿತು, ಮತ್ತೆ ಆಗದಿರಲು ಏನು ಮಾಡಬೇಕು."

"ಬರೀಬೇಡಿ. ದಮ್ಮಯ್ಯ. ಎಲ್ಲ ನನ್ನ ತಲೆಗೇ ಬರುತ್ತೆ."

ಅವನು ಅವಳ ಮುಖವನ್ನೇ ನೋಡಿದ. ತುಂಬ ಹೊತ್ತು.

"ನಿಮಗೆ ತೊಂದರೆ ಆಗೋ ಹಾಗೆ ಒಂದಕ್ಷರ ಬರೆಯಲ್ಲ."

ಅವಳ ಕಿವಿಗೆ ಬಿದ್ದದ್ದು "ಒಂದಕ್ಷರ ಬರೆಯಲ್ಲ" ಎಂಬುದಷ್ಟೇ. ಭಯದಲ್ಲಿದ್ದವರ ಕಿವಿ ಹಾಗೇ, ತನಗೆ ಬೇಕಾದಷ್ಟನ್ನು ಮಾತ್ರ ಕೇಳಿಸಿಕೊಳ್ಳುತ್ತದೆ.

ಅದೇ ಹೊತ್ತಿಗೆ ಮೈದಾನಕ್ಕೆ ಅಪ್ಪ ಬಂದಿದ್ದರು. ಸೈರನ್ ಕೇಳಿದ್ದೇ ತಡ, ಊಟದ ಡಬ್ಬಿಯನ್ನೂ ಮರೆತು ಹೊರಟಿದ್ದರು.

"ನನ್ನ ಮಗಳೆಲ್ಲಿ?"

"ಬಂದಿದ್ದಾಳೆ ಮಾವ," ಗುಮಾಸ್ತಕ್ಕ ಹೇಳಿದಳು. "ನೋಡಿ, ಪಟ್ಟಿಯಲ್ಲಿ ಗುರುತು ಹಾಕಿದೀನಿ."

"ಪಟ್ಟಿ ನನಗೆ ಕಾಣಲ್ಲಮ್ಮ. ಅವಳ ಧ್ವನಿ ಕೇಳಿಸು."

ಗುಮಾಸ್ತಕ್ಕ ಗುಂಪಿನಲ್ಲಿ ಗೆಳತಿಯನ್ನು ಹುಡುಕತೊಡಗಿದಳು. ಅಪ್ಪ ಕಾಯಲಿಲ್ಲ. ಜನರನ್ನು ತಳ್ಳಿಕೊಂಡು ಕಟ್ಟಡದ ಕಡೆ ತಿರುಗಿದರು. ಹದಿನೆಂಟು ಮೆಟ್ಟಿಲು ಇಳಿದು, ಬಲಕ್ಕೆ ಏಳು ಹೆಜ್ಜೆ ನಡೆದು, ಬಾಗಿಲಿಗೆ ಕೈ ಇಟ್ಟರು. ಹಿಡಿಯನ್ನು ತುಸು ಮೇಲಕ್ಕೆತ್ತಿ ಭುಜ ಕೊಟ್ಟು ತಳ್ಳಿದರು.

ಗಾಳಿ!

"ಅಪ್ಪಾ..." ಅವಳು ಏಣಿಯಿಂದ ಬೀಳುವಂತೆ ಇಳಿದು ಅವರನ್ನು ತಬ್ಬಿಕೊಂಡಳು. ಅಪ್ಪನ ಕೈ ಅವಳ ತಲೆ, ಮುಖ, ಭುಜ ಎಲ್ಲವನ್ನೂ ಮುಟ್ಟಿ ನೋಡಿತು.

"ಅಸಿಟೋನ್ ಚೆಲ್ಲಿದೆ. ಮರಳು ಹಾಕಿದೀಯ, ಒಳ್ಳೇದಾಯ್ತು." ಆಮೇಲೆ ತಲೆ ವಾಲಿಸಿ ಕೇಳಿದರು. "ಪುಟ್ಟಾ, ಏಣಿಯ ಮೇಲೆ ಇನ್ನೊಂದು ಉಸಿರಿದೆಯಲ್ಲ, ಅದ್ಯಾರದು?"

ಮೂರನೆಯ ದಿನ ಅವಳ ಮೇಜಿನ ಮೇಲೆ ಒಂದು ಲಕೋಟೆ ಇತ್ತು.

"ತರಬೇತುದಾರರು ಸಲ್ಲಿಸಿರುವ ಕೂದಲೆಳೆ ಚೀಟಿಯ ಹಿನ್ನೆಲೆಯಲ್ಲಿ, ಬೆಂಕಿ ಬಾಗಿಲಿಗೆ ಬೆಣೆ ಇಟ್ಟದ್ದಕ್ಕೂ ಸುಳ್ಳು ಹಾಜರಿ ಹಾಕಿಸಿದ್ದಕ್ಕೂ ಏಳು ದಿನದೊಳಗೆ ಉತ್ತರಿಸತಕ್ಕದ್ದು. ತಪ್ಪಿದಲ್ಲಿ ಸೇವೆಯಿಂದ ಬಿಡುಗಡೆಗೊಳಿಸಿ ವಸತಿಗೃಹ ತೆರವು ಮಾಡಿಸಲಾಗುವುದು." ಕೆಳಗೆ ಮುಖ್ಯಸ್ಥರ ಸಹಿ.

ಅವಳಿಗೆ ಮೊದಲ ಸಾಲಿನಿಂದ ಮುಂದೆ ಕಣ್ಣೇ ಹರಿಯಲಿಲ್ಲ. *ಬರೆದುಬಿಟ್ಟರು... ಏಣಿಯ ಮೇಲೆ ಕೂತು ಮಾತು ಕೊಟ್ಟು, ಕೆಳಗಿಳಿದು ಬರೆದುಬಿಟ್ಟರು!*

ಸಂಜೆ ಅವನು ಕ್ವಾರ್ಟರ್ಸಿಗೇ ಬಂದ. ಹೆಲ್ಮೆಟ್ ಇರಲಿಲ್ಲ. ಹೆಲ್ಮೆಟ್ ಇಲ್ಲದ ಮುಖ ಇನ್ನೂ ಮೃದುವಾಗಿ ಕಂಡದ್ದೇ ಅವಳ ಕೋಪಕ್ಕೆ ತುಪ್ಪ ಸುರಿಯಿತು.

"ಯಾಕೆ ಬಂದ್ರಿ? ಬೆಣೆ ಕೀಳೋದು ನಿಮಗೆ ಅಭ್ಯಾಸ ಅಲ್ವಾ? ನಮ್ಮ ಮನೆ ಬಾಗಿಲದೂ ಕಿತ್ತಾಯ್ತಲ್ಲ!"

"ಒಂದು ಮಾತು ಕೇಳಿ. ನೀವು ಆ ಚೀಟಿ ಓದಿದ್ರಾ?"

"ಅದನ್ನ ಬೇರೆ ಓದಬೇಕಾ? ನಂಬಿದ್ದಕ್ಕೆ ಒಳ್ಳೇ ಉಡುಗೊರೆ ಕೊಟ್ರಿ."

"ದಯವಿಟ್ಟು..."

"ಹೋಗಿ! ಇನ್ನೊಂದು ಸಲ ನಿಮ್ಮ ಮುಖ ತೋರಿಸಬೇಡಿ."

ಬಾಗಿಲು ಮುಚ್ಚುವ ಮೊದಲು ಅವನು ಹೇಳಿದ್ದು ಇಷ್ಟೇ. "ನಾಳೆ ತರಬೇತಿಯ ಸಮಾರೋಪ. ಆಮೇಲೆ ನಾನು ಈ ಆವರಣಕ್ಕೆ ಬರೋ ಹಾಗಿಲ್ಲ. ನೀವು ಒಂದ್ಸಲ ಓದಿದ್ರೆ ಸಾಕಿತ್ತು."

ಬಾಗಿಲಿಗೆ ಬೆನ್ನು ಕೊಟ್ಟು ನಿಂತ ಅವಳಿಗೆ ಅವನ ಹೆಜ್ಜೆ ದೂರವಾಗುವುದು ಕೇಳಿಸಿತು. ಯಾವತ್ತೂ ಇಲ್ಲದೆ ಅವಳೂ ಅಪ್ಪನಂತೆ ಹೆಜ್ಜೆ ಎಣಿಸಿದಳು. ಇಪ್ಪತ್ಮೂರಕ್ಕೆ ಒಮ್ಮೆ ನಿಂತು, ಮತ್ತೆ ನಡೆದು, ಆಮೇಲೆ ಕೇಳಿಸಲಿಲ್ಲ. ಕೋಪ ತರಿಸಿದವನ ಹೆಜ್ಜೆಯನ್ನು ಯಾರಾದರೂ ಹೀಗೆ ಎಣಿಸುತ್ತಾರೆಯೇ? ಅವಳು ಕಣ್ಣೊರೆಸಿಕೊಂಡಳು.

ಮರುದಿನ ಬೆಳಿಗ್ಗೆ ಗುಮಾಸ್ತಕ್ಕ ಏದುಸಿರು ಬಿಡುತ್ತಾ ಬಂದಳು. ಕೈಯಲ್ಲಿ ಹಳದಿ ಚೀಟಿ.

"ಮುಖ್ಯಸ್ಥರ ಡ್ರಾಯರಿಂದ ತಂದಿದೀನಿ ಕಣೇ. ನನ್ನಿಂದಲೇ ನೀನು ಸಿಕ್ಕಿಹಾಕಿಕೊಂಡಿದ್ದು, ರಾತ್ರಿಯೆಲ್ಲ ನಿದ್ದೆ ಇಲ್ಲ. ಓದು. ಮಾವನಿಗೂ ಕೇಳಿಸೋ ಹಾಗೆ ಗಟ್ಟಿಯಾಗಿ ಓದು."

ಅವಳು ಓದಿದಳು.

"ಏನಾಯಿತು? ತರಬೇತುದಾರನಾದ ನಾನು, ಬಾಗಿಲು ಒಳಗಿನಿಂದ ತೆರೆಯುತ್ತದೆಯೇ ಎಂದು ನೋಡದೆ ಬೆಣೆ ಕಿತ್ತು ಇಬ್ಬರನ್ನು ಕೂಡಿಹಾಕಿದೆ.

ಏನಾಗಬಹುದಿತ್ತು? ಎರಡು ಜೀವ ಹೋಗಬಹುದಿತ್ತು. ಫ್ಯಾನಿಗೆ ಟೈಮರ್ ಹಾಕಿಸಿದವನೂ ನಾನೇ. ಸ್ಟೋರಿನ ಮೇಡಂ ಮರಳು ಹಾಕಿ, ಏಣಿ ಹತ್ತಿಸಿ ನನ್ನ ಜೀವ ಉಳಿಸಿದರು.

ಯಾಕಾಯಿತು? ಚಿಲಕ ಮೂರು ವರ್ಷದಿಂದ ಕೆಟ್ಟಿದೆ. ಆ ಬೆಣೆ ಇಟ್ಟದ್ದು ತಪ್ಪಲ್ಲ, ಇಷ್ಟು ದಿನ ಅವರನ್ನು ಕಾಪಾಡಿದ್ದು ಅದೊಂದೇ. ತಪ್ಪು ನನ್ನದು, ಮತ್ತು ಚಿಲಕ ಸರಿಮಾಡಿಸದವರದು.

ಮತ್ತೆ ಆಗದಿರಲು ಏನು ಮಾಡಬೇಕು? ಮೊದಲು ಚಿಲಕ ಬದಲಿಸಬೇಕು. ಫ್ಯಾನ್ ನಿಲ್ಲಬಾರದು. ಕಷ್ಟ ಹೇಳಿಕೊಂಡವರನ್ನು ಶಿಕ್ಷಿಸಬಾರದು."

ಅವಳು ಚೀಟಿಯನ್ನು ಮತ್ತೆ ಮೊದಲಿನಿಂದ ಓದಿದಳು.

"ಇದನ್ನ ವಾಪಸ್ ತಗೋ ಅಂದ್ರು ಮುಖ್ಯಸ್ಥರು," ಗುಮಾಸ್ತಕ್ಕ ಹೇಳಿದಳು. "ಆಗಲ್ಲ ಅಂದ. ಇವತ್ತಿಗೆ ಅವನ ಗುತ್ತಿಗೆ ರದ್ದು. ಆ ಕಾಗದ ಟೈಪ್ ಮಾಡಿದ್ದು ನಾನೇ."

*ನಿಮಗೆ ತೊಂದರೆ ಆಗೋ ಹಾಗೆ ಒಂದಕ್ಷರ ಬರೆಯಲ್ಲ...* ಈಗ ಪೂರ್ತಿ ವಾಕ್ಯ ಕೇಳಿಸಿತು. ಅವನು ಕೊಟ್ಟ ಮಾತನ್ನು ಅಕ್ಷರಕ್ಕೆ ಅಕ್ಷರ ಉಳಿಸಿಕೊಂಡಿದ್ದ. ತನ್ನ ಕೆಲಸವನ್ನೇ ಕಳೆದುಕೊಂಡಿದ್ದ. ಅವಳೋ, ಅವನ ಮುಖಕ್ಕೆ ಬಾಗಿಲು ಹಾಕಿದ್ದಳು!

ಅಪ್ಪ ಗಂಟಲು ಸರಿಮಾಡಿಕೊಂಡರು.

"ಪುಟ್ಟಾ, ನಿನಗೊಂದು ಹೇಳಿಲ್ಲ. ಆವತ್ತು ಆ ಬಾಟಲಿ ಸಿಡಿಯೋಕೆ ಮುಂಚೆ ಮೂರು ಸಲ ಉಬ್ಬಿತ್ತು. ಮೂರು ಸಲವೂ ನಾನೇ ಮುಚ್ಚಳ ಸಡಿಲ ಮಾಡಿ ಸುಮ್ಮನಾದೆ. ಹೇಳಿದ್ರೆ ನನ್ನ ಮೇಲೇ ಹಾಕ್ತಾರೆ, ಕ್ವಾರ್ಟರ್ಸ್ ಹೋಗುತ್ತೆ ಅಂತ. ಮನೆ ಉಳೀತು ನೋಡು. ಕಣ್ಣು ಹೋಯ್ತು."

"ಅಪ್ಪಾ..."

"ನನ್ನ ಹೆಜ್ಜೆ ಅಂತ ನೀನು ಕಾಲು ಕಟ್ಟಿಕೊಂಡು ಕೂತಿದೀಯಲ್ಲ, ಅದು ನನಗೆ ಕಾಣಲ್ಲ ಅಂದ್ಕೊಂಡೆಯಾ? ಹೊಸ ಮನೆಗೆ ಹೋದ್ರೆ ಒಂದು ವಾರ ಎಡವುತೀನಿ. ಎಂಟನೇ ದಿನ ಲೆಕ್ಕ ಸಿಗುತ್ತೆ. ಹೋಗು."

ಸಭಾಂಗಣದಲ್ಲಿ ಕುಲಸಚಿವರು ಸಮಾರೋಪ ಭಾಷಣ ಮುಗಿಸಿ, "ಯಾರಾದರೂ ಅನಿಸಿಕೆ ಹೇಳುವುದಿದ್ದರೆ..." ಎಂದರು. ಎಲ್ಲರೂ ಚಹಾದ ಕಡೆ ನೋಡುತ್ತಿದ್ದರು.

"ನಂದೊಂದು ಕೂದಲೆಳೆ ಚೀಟಿ ಇದೆ ಸಾರ್."

ಇನ್ನೂರು ತಲೆಗಳು ಹಿಂದಕ್ಕೆ ತಿರುಗಿದವು. ಹನ್ನೆರಡು ವರ್ಷದಲ್ಲಿ ಅವಳ ಧ್ವನಿ ಕೇಳಿದವರೇ ಕಡಿಮೆ. ಮೊದಲ ಸಾಲಿನಲ್ಲಿ ಮುಖ್ಯಸ್ಥರು ಹುಬ್ಬು ಗಂಟಿಕ್ಕಿದರು. ಗೋಡೆಯ ಬದಿಯಲ್ಲಿ, ಬ್ಯಾಗು ಹೆಗಲಿಗೇರಿಸಿಕೊಂಡು ಹೊರಡಲು ನಿಂತಿದ್ದವನು ಮಾತ್ರ ನಿಂತಲ್ಲೇ ನಿಂತ.

"ಬೆಣೆ ಇಟ್ಟವಳು ನಾನೇ. ಇಟ್ಕೊ ಅಂದವರು ಮುಖ್ಯಸ್ಥರು. ಚಿಲಕ ರಿಪೇರಿಗೆ ನಾನು ಕೊಟ್ಟ ಮೂರು ಅರ್ಜಿ ಇಲ್ಲಿದೆ, ಸ್ವೀಕೃತಿ ಸಂಖ್ಯೆ ಸಮೇತ. ಇದರ ಜೊತೆ ಹನ್ನೆರಡು ವರ್ಷ ತಡವಾಗಿ ಬಂದ ಇನ್ನೊಂದು ಚೀಟಿ ಇದೆ. ನಮ್ಮಪ್ಪನದು. ಅವರು ಹೇಳಿದ್ದು, ನಾನು ಬರೆದಿದ್ದು." ಅವಳ ಧ್ವನಿ ಒಡೆಯಿತು, ಆದರೂ ನಿಲ್ಲಿಸಲಿಲ್ಲ. "ಇದಕ್ಕೆ ನನ್ನ ಮನೆ ಹೋಗೋದಾದ್ರೆ ಹೋಗಲಿ ಸಾರ್. ಆದ್ರೆ ತಪ್ಪು ಒಪ್ಪಿಕೊಂಡ ಒಬ್ಬರೇ ಒಬ್ಬರನ್ನ ನೀವು ಕೆಲಸದಿಂದ ತೆಗೆದಿದೀರಿ. ಅದು ಸುರಕ್ಷತೆ ಅಲ್ಲ."

ಒಂದು ಕುರ್ಚಿ ಕಿರುಗುಟ್ಟಿತು. ಗುಮಾಸ್ತಕ್ಕ ಎದ್ದು ನಿಂತಿದ್ದಳು. "ಸುಳ್ಳು ಹಾಜರಿ ಹಾಕಿದ್ದು ನಾನು ಸಾರ್. ಅವಳಿಗೆ ಗೊತ್ತೇ ಇರಲಿಲ್ಲ." ಹಿಂದಿನಿಂದ ಗ್ರಂಥಾಲಯದ ಎಲೆಕ್ಟ್ರಿಷಿಯನ್ ಎದ್ದ. "ನಮ್ಮಲ್ಲೂ ಒಂದು ಸ್ವಿಚ್ ಬೋರ್ಡ್ ಇದೆ ಸಾರ್... ಹೇಳೋಕೆ ಭಯ ಇತ್ತು."

ಕುಲಸಚಿವರು ಅರ್ಜಿಗಳನ್ನು ಒಂದೊಂದಾಗಿ ಓದಿದರು. ಆಮೇಲೆ ಕನ್ನಡಕ ತೆಗೆದು ಮುಖ್ಯಸ್ಥರ ಕಡೆ ತಿರುಗಿದರು. "ಸ್ವೀಕರಿಸಿದ ಸಹಿ ಮೂರರಲ್ಲೂ ನಿಮ್ಮದೇ ಅಲ್ವಾ?"

ಮುಖ್ಯಸ್ಥರಿಗೆ ಅದು ನುಂಗಲಾರದ ತುತ್ತಾಯಿತು, ಉಗುಳಲೂ ಆಗಲಿಲ್ಲ.

ಸಂಜೆಯೊಳಗೆ ಅವಳಿಗೆ ಕೊಟ್ಟ ನೋಟಿಸು ರದ್ದಾಯಿತು. ಆದರೆ ಜನ ಸುತ್ತುವರಿದು ಮಾತಾಡಿಸಿ ಬಿಡುವಷ್ಟರಲ್ಲಿ ಗೋಡೆಯ ಬದಿ ಖಾಲಿಯಾಗಿತ್ತು. ಮುಖ ತೋರಿಸಬೇಡಿ ಎಂದವಳು ಅವಳೇ ತಾನೆ? ಹೇಳಿದ್ದನ್ನು ಅಕ್ಷರಕ್ಕೆ ಅಕ್ಷರ ಪಾಲಿಸುವ ಮನುಷ್ಯ ಅವನು!

ಹತ್ತು ದಿನ ಕಳೆದವು. ಹೊಸ ಚಿಲಕ ಬಂತು, ಫ್ಯಾನ್ ನಿಲ್ಲದೆ ಓಡತೊಡಗಿತು. ಆದರೂ ಅವಳಿಗೆ ಉಸಿರು ಕಟ್ಟಿದಂತೆಯೇ ಇತ್ತು. ಬಾಗಿಲು ತೆರೆದ ಮೇಲೂ ಒಳಗೇ ಉಳಿದವಳ ಹಾಗೆ ಏಣಿಯನ್ನು ನೋಡುತ್ತಾ ನಿಂತುಬಿಡುತ್ತಿದ್ದಳು.

ಹನ್ನೊಂದನೆಯ ದಿನ ಬೆಳಿಗ್ಗೆ ಬಾಗಿಲಲ್ಲಿ ಹಳದಿ ಹೆಲ್ಮೆಟ್ ಕಾಣಿಸಿತು.

"ಕುಲಸಚಿವರು ಮತ್ತೆ ಕರೆಸಿದಾರೆ," ಅವನು ಹೊಸ್ತಿಲಲ್ಲೇ ನಿಂತು ಕೈಯಲ್ಲಿದ್ದ ಪಟ್ಟಿಗೆ ಹೇಳುವಂತೆ ಹೇಳಿದ. "ಚಿಲಕ ಪರೀಕ್ಷೆ ಮಾಡಿ ಸಹಿ ಹಾಕಬೇಕಂತೆ. ಮುಖ ತೋರಿಸಬೇಡ ಅಂದಿದ್ರಿ. ಹೆಲ್ಮೆಟ್ ಕೆಳಗೆ ಎಳೆದುಕೊಂಡು ಬಂದಿದೀನಿ."

ಅವಳು ಮೇಜಿನ ಡ್ರಾಯರಿನಿಂದ ಮಡಚಿದ ಹಳದಿ ಚೀಟಿಯೊಂದನ್ನು ತೆಗೆದು ಕೊಟ್ಟಳು. ಹತ್ತು ದಿನದಿಂದ ಅಲ್ಲೇ ಇತ್ತು. ಅವನು ಬಿಡಿಸಿ ಓದಿದ.

"ಏನಾಯಿತು? ಮಾತು ಉಳಿಸಿಕೊಂಡವರ ಮುಖಕ್ಕೆ ಬಾಗಿಲು ಹಾಕಿದೆ.

ಏನಾಗಬಹುದಿತ್ತು? ಅವರು ಮತ್ತೆ ಬರದೇ ಇರಬಹುದಿತ್ತು.

ಯಾಕಾಯಿತು? ಅರ್ಧ ವಾಕ್ಯ ಮಾತ್ರ ಕೇಳಿಸಿಕೊಂಡೆ."

"ನಾಲ್ಕನೇದು ಖಾಲಿ ಇದೆಯಲ್ಲ?" ಅವನು ಚೀಟಿಯನ್ನು ತಿರುಗಿಸಿ ನೋಡಿದ.

"ಮತ್ತೆ ಆಗದಿರಲು ಏನು ಮಾಡಬೇಕು ಅಂತ ನನಗೆ ಗೊತ್ತಾಗಲಿಲ್ಲ. ನೀವೇ ತುಂಬಿ."

ಅವನು ಕಿವಿಯ ಸಂದಿಯಿಂದ ಪೆನ್ನು ತೆಗೆದ. ಒಳಗೆ ಬಂದು ಗೋಡೆಗೆ ಚೀಟಿ ಒತ್ತಿಕೊಂಡು ಬರೆದ. ಅವಳು ಇಣುಕಿ ನೋಡಿದಳು.

"ಕೈ ಹಿಡಿಯಬೇಕು."

ಕೆಳಗೆ ಇನ್ನೊಂದು ಸಾಲು. "ಮೂವರೂ ಒಂದೇ ಮನೆಯಲ್ಲಿ ಇರಬೇಕು. ಹೆಜ್ಜೆ ಎಣಿಸಲು ನಾನೂ ಕಲಿಯುತ್ತೇನೆ."

ಅವಳ ಕಣ್ಣು ತುಂಬಿತು. "ಅಪ್ಪ ಆಗಲೇ ನಿಮ್ಮ ಲೆಕ್ಕ ಇಟ್ಟಿದಾರೆ. ಆವತ್ತು ಸಂಜೆ ನೀವು ಇಪ್ಪತ್ಮೂರನೇ ಹೆಜ್ಜೆಗೆ ಯಾಕೆ ನಿಂತ್ರಿ ಅಂತ ದಿನಾ ಕೇಳ್ತಾರೆ."

"ನೀವು ಬಾಗಿಲು ತೆಗೀತೀರೇನೋ ಅಂತ."

ಅವಳು ಒಂದು ಹೆಜ್ಜೆ ಮುಂದೆ ಬಂದು ಬಾಗಿಲ ಬುಡದಲ್ಲಿದ್ದ ಹಳೆಯ ಬೆಣೆಯನ್ನು ಕಾಲಿನಿಂದ ತಳ್ಳಿದಳು. ಬಾಗಿಲು ಮೆಲ್ಲಗೆ ಬಂದು ಮುಚ್ಚಿಕೊಂಡಿತು.

"ಚಿಲಕ ಪರೀಕ್ಷೆ ಮಾಡಲ್ವಾ?" ಅವನು ಕೇಳಿದ.

"ಮಾಡೋಣ. ಅವಸರ ಏನಿದೆ? ಈಗ ಒಳಗಿಂದಲೂ ತೆರೆಯುತ್ತಲ್ಲ. ನಿಮಗೆ ಭಯ ಆಗ್ತಿದೆಯಾ?"

"ಇಲ್ಲ. ಈ ಸಲ ಎಣಿಸಿದೀನಿ. ಇಬ್ಬರಿದೀವಿ."

ಇಬ್ಬರೂ ಅಲುಗಾಡದೆ ನಿಂತರು. ಎರಡು ನಿಮಿಷವಾಯಿತು. ದೀಪ ಆರಿತು.

"ಕೈ ಬೀಸ್ರೀ," ಕತ್ತಲಲ್ಲಿ ಅವಳೆಂದಳು. "ದೀಪ ಹೋಯ್ತು."

"ಹೇಗೆ ಬೀಸಲಿ? ಎರಡೂ ಕೈ ನೀವೇ ಹಿಡ್ಕೊಂಡಿದೀರಲ್ಲ!"